ಪೇಟ ಮತ್ತು ಮೂಸಂಬಿ

ಪ್ರಾಣೇಶ ಮೈಸೂರು ಪೇಟವನ್ನು ಅಭಯನ ತಲೆಗೆ ಇಟ್ಟದ್ದೇ ತಡ, ಅದು ಜಾರಿ ಹುಬ್ಬಿನ ಮೇಲೆ ಬಂದು ಕೂತಿತು. ಕೋಲ್ಕತ್ತದ ಎಸ್ಪ್ಲನೇಡ್ ಹತ್ತಿರದ ಬಾಡಿಗೆ ಸಭಾಂಗಣದಲ್ಲಿ ಸೇರಿದ್ದ ಅರವತ್ತು ಮಂದಿ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಬಾಲಕೃಷ್ಣ ಮಾತ್ರ ಮಗನ ಬೆನ್ನ ಹಿಂದಿನ ಬ್ಯಾನರನ್ನೇ ನೋಡುತ್ತಿದ್ದ. 'ತರಬೇತಿಗಾಗಿ ಜರ್ಮನಿಗೆ ಹೊರಟಿರುವ ಶಾಲಾ ಫುಟ್‌ಬಾಲ್ ತಂಡದ ನಾಯಕ ಚಿ. ಅಭಯನಿಗೆ ಸನ್ಮಾನ' ಎಂದು ಅದರಲ್ಲಿ ಗೇಣುದ್ದದ ಅಕ್ಷರಗಳಿದ್ದವು. ಜರ್ಮನಿ ನಿಜ, ಫುಟ್‌ಬಾಲ್ ನಿಜ, ಚಿರಂಜೀವಿಯೂ ನಿಜ. ನಾಯಕ ಎಂಬುದೊಂದು ಸುಳ್ಳು. ಅಭಯ ತಂಡದ ಎರಡನೇ ಗೋಲ್‌ಕೀಪರ್. ಎರಡು ವರ್ಷದಲ್ಲಿ ಒಂದೇ ಒಂದು ಮ್ಯಾಚನ್ನೂ ಆಡಿದವನಲ್ಲ.

ಗಂಗಾತೀರ ಕನ್ನಡ ಬಳಗಕ್ಕೆ ಯಾರಿಗಾದರೂ ಸನ್ಮಾನ ಮಾಡದಿದ್ದರೆ ತಿಂಗಳು ಕಳೆಯುತ್ತಿರಲಿಲ್ಲ. ಇದ್ದ ಸದಸ್ಯರಿಗೆಲ್ಲ ಎರಡೆರಡು ಸುತ್ತು ಶಾಲು ಹೊದಿಸಿ ಆಗಿತ್ತು. ಬಾಲಕೃಷ್ಣನಿಗೇ ಒಮ್ಮೆ ಪ್ರಮೋಷನ್ ಸಿಕ್ಕಿದ್ದಕ್ಕೆ, ಇನ್ನೊಮ್ಮೆ ಹರ್ನಿಯಾ ಆಪರೇಷನ್ ಮುಗಿಸಿ ಕ್ಷೇಮವಾಗಿ ಬಂದದ್ದಕ್ಕೆ. ಈಗ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯ ಪ್ರಾಣೇಶ ಬಳಗದ ಕಾರ್ಯದರ್ಶಿಯಾಗಿದ್ದ. ಧಾರವಾಡದವನು, ಮಾತಿಗೂ ಉತ್ಸಾಹಕ್ಕೂ ಬಡತನವಿಲ್ಲ. "ನಮ್ಮ ಹುಡುಗ ಟೀಮಿನ ಜೊತೆ ಜರ್ಮನಿಗೆ ಹೋಗ್ತಾ ಇದಾನೆ" ಎಂದು ಬಾಲಕೃಷ್ಣ ಫೋನಿನಲ್ಲಿ ಅಂದದ್ದಷ್ಟೇ. 'ನಾಯಕ' ಪ್ರಾಣೇಶನ ಕಡೆಯಿಂದ ಸೇರಿಕೊಂಡಿತು.

ಇಮೇಲಿನಲ್ಲಿ ಅದೇ ಒಕ್ಕಣೆಯ ಆಮಂತ್ರಣ ಬಂದು ನಾಲ್ಕು ದಿನವಾಗಿತ್ತು. ಬಾಲಕೃಷ್ಣ ಆಫೀಸಿನ ಕಂಪ್ಯೂಟರಿನಲ್ಲಿ ಅದನ್ನು ಏಳು ಸಲ ಓದಿ, ಒಂದು ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡು ಸುಮ್ಮನಿದ್ದುಬಿಟ್ಟ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆ ಹೆಗ್ಗಣಕ್ಕೆ ಯಾರೋ ತಾವಾಗಿಯೇ ಪಟ್ಟ ಕಟ್ಟಲು ಬಂದರೆ ಬೇಡ ಅನ್ನುವ ಅಪ್ಪ ಎಲ್ಲಿದ್ದಾನೆ? "ಇವತ್ತಾದ್ರೂ ಹೇಳ್ಬಿಡಿ ಅಂದ್ರೆ," ಎಂದು ಬಸ್ಸಿನಲ್ಲಿ ಹೆಂಡತಿ ಸುಲೋಚನಾ ಗೊಣಗಿದ್ದಳು. ಬಾಲಕೃಷ್ಣ ಕಿಟಕಿಯ ಹೊರಗೆ ನೋಡಿದ್ದ. ಅಭಯನಿಗೆ ಇದೊಂದೂ ಗೊತ್ತಿಲ್ಲ. ಕೋಲ್ಕತ್ತದಲ್ಲೇ ಹುಟ್ಟಿ ಬೆಳೆದವನು, ಕನ್ನಡ ಓದಲು ಬಾರದು. ಬ್ಯಾನರಿನ ಕೆಳಗೆ ಜರಿಶಾಲು ಹೊದ್ದು, ಹಾರ ಹಾಕಿಸಿಕೊಂಡು ನಿಶ್ಚಿಂತೆಯಿಂದ ನಗುತ್ತಿದ್ದ.

"ಈಗ ನಮ್ಮ ಕ್ಯಾಪ್ಟನ್ ಸಾಹೇಬ್ರು ನಾಕ್ ಮಾತು ಹೇಳ್ತಾರ," ಎಂದು ಪ್ರಾಣೇಶ ಮೈಕು ಕೊಟ್ಟ.

ಹುಡುಗನ ನಗು ನಿಂತಿತು. ಪೇಟ ಮೇಲೆತ್ತಿಕೊಂಡು ಅಪ್ಪನನ್ನು ನೋಡಿದ. ನಿಜ ಹೇಳಿದರೆ ಅರವತ್ತು ಜನರ ಮುಂದೆ ಅಪ್ಪನ ಮಾನ ಹೋಗುತ್ತದೆ, ಹೇಳದಿದ್ದರೆ ಸುಳ್ಳಿನ ಪೇಟ ಹೊತ್ತುಕೊಂಡೇ ಮಗ ವಿಮಾನ ಹತ್ತಬೇಕು. ಬಾಲಕೃಷ್ಣನಿಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ತಲೆ ತಗ್ಗಿಸಿದ.

"ನಮಸ್ಕಾರ. ನನ್ನ ಕನ್ನಡ ಸ್ವಲ್ಪ ವೀಕ್," ಅಭಯ ಶುರುಮಾಡಿದ. "ಆದ್ರೆ ನಾನು ಕ್ಯಾಪ್ಟನ್ ಅಲ್ಲ. ಸೆಕೆಂಡ್ ಗೋಲ್‌ಕೀಪರ್. ಫಸ್ಟ್ ಕೀಪರ್ ತೀರ್ಥಂಕರ್. ಅವನಿಗೆ ಜ್ವರ ಕೂಡ ಬರಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪ್ರಾಣೇಶ ಬ್ಯಾನರನ್ನೊಮ್ಮೆ ಹುಡುಗನನ್ನೊಮ್ಮೆ ನೋಡಿದ. "ಹಂಗಾರ ಜರ್ಮನಿಗೆ ಹೋಗಿ ನೀ ಮಾಡೂದರ ಏನೋ ತಮ್ಮಾ?"

"ಅಲ್ಲಿ ಮ್ಯಾಚೇ ಇಲ್ಲ ಅಂಕಲ್, ಓನ್ಲಿ ಟ್ರೇನಿಂಗ್!" ಅಭಯನ ಮುಖ ಅರಳಿತು. "ಮ್ಯಾಚಲ್ಲಿ ಒಬ್ಬನೇ ಕೀಪರ್ ಸಾಕು. ಟ್ರೇನಿಂಗಲ್ಲಿ ಇಬ್ಬರಿಗೂ ಬಾಲ್ ಬರತ್ತೆ. ಫಿಫ್ಟೀನ್ ಡೇಸ್, ಬೆಳಿಗ್ಗೆ, ಸಾಯಂಕಾಲ... ನಂಗೂ ಬಾಲ್ ಬರತ್ತೆ!"

ಬಾಲಕೃಷ್ಣನಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ವಿಚಿತ್ರವಾದ ಸಂತೋಷವೂ ಆಯಿತು. ಅರ್ಧ ದಿನ ರಜೆ ಹಾಕಿ ಹಾಕಿ ಅವನು ಮಗನ ತಂಡದ ಎಲ್ಲ ಮ್ಯಾಚಿಗೂ ಹೋಗಿದ್ದ. ಪ್ರತಿ ಸಲವೂ ನೀರಿನ ಬಾಟಲಿಗಳ ಪಕ್ಕ ಬೆಂಚಿನ ಮೇಲೆ ಕೂತ ಮಗನನ್ನಷ್ಟೇ ಕಂಡು ಮನೆಗೆ ಬಂದಿದ್ದ. ಪ್ರಾಕ್ಟೀಸ್ ನೋಡಲು ಹೋಗಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ. ಹುಡುಗ ಚೆಂಡು ಹಿಡಿಯುವುದನ್ನು ಹೆತ್ತ ಅಪ್ಪ ಈವರೆಗೆ ಕಣ್ಣಿಂದ ಕಂಡೇ ಇರಲಿಲ್ಲ. ಅವನು ಎದ್ದು ನಿಂತ.

"ಪ್ರಾಣೇಶ್, ತಪ್ಪು ನಿಮ್ಮದಲ್ಲ. ಆಮಂತ್ರಣಾನ ನಾಲ್ಕು ದಿನದ ಹಿಂದೇನೇ ಓದಿದ್ದೆ. ಓದಿ ಖುಷಿಯಾಯ್ತು, ಸುಮ್ನೆ ಇದ್ದುಬಿಟ್ಟೆ."

"ಹೋಗ್ಲಿ ಬಿಡ್ರಿ ಸರ," ಪ್ರಾಣೇಶ ನಕ್ಕುಬಿಟ್ಟ. "ಹೊದಿಸಿದ ಶಾಲು ಹೊಳ್ಳಿ ಇಸಗೊಳ್ಳೋ ಪದ್ಧತಿ ನಮ್ಮ ಬಳಗದಾಗ ಇಲ್ಲ."

ಸಭೆಗೆ ಸಭೆಯೇ ನಕ್ಕಿತು. ಬಾಲಕೃಷ್ಣ ವೇದಿಕೆಯ ಹತ್ತಿರ ಹೋಗಿ ಸನ್ಮಾನದ ಹಣ್ಣಿನ ತಟ್ಟೆಯಿಂದ ಒಂದು ಮೂಸಂಬಿ ಎತ್ತಿಕೊಂಡ. "ಹಿಡೀತೀಯೇನೋ?"

"ಎಸಿ ಅಪ್ಪಾ!"

ಐವತ್ತರ ಹತ್ತಿರದ ಗುಮಾಸ್ತನ ಕೈ, ಗುರಿ ಎಲ್ಲಿಂದ ಬರಬೇಕು? ಹಣ್ಣು ಅಭಯನ ಕಡೆಗೆ ಹೋಗದೆ ನೇರ ಬ್ಯಾನರಿನ ಮೂಲೆಗೆ ಹಾರಿತು. ಅಭಯ ಅಡ್ಡಡ್ಡ ನೆಗೆದ. ಹಾರ ಹರಿದು ಹೂವು ಚೆಲ್ಲಿತು, ಕುರ್ಚಿ ಉರುಳಿತು, ಪೇಟ ತಲೆಯಿಂದ ಹಾರಿತು. ಹುಡುಗ ವೇದಿಕೆಯ ಹಲಗೆಯ ಮೇಲೆ ಧಡ್ಡನೆ ಬಿದ್ದ. "ಅಯ್ಯೋ ಮಗೂ!" ಎಂದು ಸುಲೋಚನಾ ಎದ್ದೇ ಬಿಟ್ಟಳು.

ಜರಿಶಾಲಿನ ಸಿಕ್ಕಿನೊಳಗಿಂದ ಮೊದಲು ಎರಡು ಕೈಗಳು ಮೇಲೆದ್ದವು. ಒಂದರಲ್ಲಿ ಮೂಸಂಬಿ, ಇನ್ನೊಂದರಲ್ಲಿ ಪೇಟ. ಎರಡೂ ನೆಲ ಮುಟ್ಟಿರಲಿಲ್ಲ.