ಕೈ ಬಿಡು ಎಂದ ತಾಯಿ

ಎಲುಬಿಗೆ ಉಪ್ಪುನೀರು ಚಿಮುಕಿಸಿದರೆ ಸತ್ತವರ ಕೊನೆಯ ಮಾತು ಕೇಳಿಸುತ್ತದೆಂಬುದು ಈಗ ಮಕ್ಕಳಿಗೂ ಗೊತ್ತು. ಎಪ್ಪತ್ತು ವರ್ಷದ ಹಿಂದೆ ಮುಳುಗಿದ ‘ಸುವರ್ಣಮಾಲಾ’ ಹಡಗನ್ನು ಮೇಲೆತ್ತಿದಂದಿನಿಂದ ಬಂದರು ಕಚೇರಿಯಲ್ಲಿ ದಿನವೂ ಅದೇ ಕೆಲಸ. ಆದರೆ ಸಾಯುವಾಗ ಯಾರೂ ತಮ್ಮ ಹೆಸರು ಹೇಳುವುದಿಲ್ಲ, ಬೇರೆಯವರನ್ನೇ ಕೂಗುತ್ತಾರೆ. ಹಾಗಾಗಿ ಗುರುತು ಹಿಡಿಯಲು ಜಟ್ಟಪ್ಪನೇ ಬೇಕು. ಆ ಹಡಗಿನಿಂದ ಪಾರಾದವರಲ್ಲಿ ಇನ್ನೂ ಬದುಕಿರುವವನು ಅವನೊಬ್ಬನೇ.

“ನನ್ನ ಕೈ ಬಿಡು ಮಗಾ, ನೀ ಬದುಕು ಅಂದ್ಳು ನನ್ನವ್ವಿ.” ಊರೂರ ಶಾಲೆಗಳಲ್ಲಿ ಈ ಕತೆ ಹೇಳಿ ಅವನು ಹೊದೆಸಿಕೊಂಡ ಶಾಲುಗಳಿಗೆ ಲೆಕ್ಕವಿಲ್ಲ.

ಗುಮಾಸ್ತೆ ಸುಲೋಚನಾ ಹೊಸ ಪೆಟ್ಟಿಗೆ ತೆರೆದು, ಮುಂಗೈ ಎಲುಬಿನ ಮೇಲೆ ನೀರು ಚಿಮುಕಿಸಿದಳು.

“ಚುಕ್ಕೂ, ಕೈ ಬಿಡಬೇಡ್ವೋ! ಒದೀಬೇಡ್ವೋ ಚುಕ್ಕೂ!”

ಜಟ್ಟಪ್ಪನನ್ನು ಆ ಹೆಸರಿನಿಂದ ಕರೆದವಳು ಈ ಲೋಕದಲ್ಲಿ ಒಬ್ಬಳೇ.

“ಚುಕ್ಕು ಯಾರು ಅಂತ ಗೊತ್ತಾ ಅಜ್ಜ?”

ಅವನು ಬಲಗೈಯನ್ನು ಪಂಚೆಗೆ ಒರೆಸಿಕೊಂಡ. “ಇಲ್ಲ ತಂಗಿ. ಯಾರ ಮನೆ ಪೋರನೋ ಪಾಪ. ಸತ್ತೇ ಹೋಗಿರ್ಬೇಕು.”

ಸುಲೋಚನಾ ‘ಗುರುತು ಸಿಕ್ಕಿಲ್ಲ’ ಎಂದು ಬರೆದು ಪೆಟ್ಟಿಗೆ ಮುಚ್ಚಿದಳು. “ನಾಳೆ ಶಾಲೆ ಮಕ್ಕಳು ಬರ್ತಾರೆ ಅಜ್ಜ, ನಿಮ್ಮವ್ವಿ ಕತೆ ಕೇಳೂಕೆ.”

“ಹೇಳ್ವ” ಎಂದ ಜಟ್ಟಪ್ಪ.

ಎಲುಬಿನ ಮೇಲಿನ ನೀರು ಇನ್ನೂ ಆರಿರಲಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗಿಂದ ಅವ್ವಿ ಕರೆಯುತ್ತಲೇ ಇದ್ದಳು.