ಅಳಿಸಿಹೋದ ಕೆರೆಗಳು

ಅತ್ತೆಯೇ ಅಳಿಸಿದ್ದು. ಹೇಮಶ್ರೀಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಕುಂದೂರು ಹೋಬಳಿಯ ಕೆರೆಗಳ ಕುರಿತು ವರ್ಷಗಟ್ಟಲೆ ಅಲೆದು ಬರೆದ ಪಿಎಚ್.ಡಿ. ಪ್ರಬಂಧ ಕಂಪ್ಯೂಟರಿನಿಂದ ಮಾಯವಾಗಿತ್ತು. ಫ್ಲಾಪಿಯಲ್ಲಿದ್ದ ಪ್ರತಿಗೆ ಥಂಡಿಯ ಬೂಷ್ಟು ಹಿಡಿದಿತ್ತು. ತಿಂಗಳ ಕೊನೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ಮೈಸೂರಿನ ಕಾಲೇಜಿನ ಕೆಲಸ ಕೈತಪ್ಪುತ್ತಿತ್ತು.

ಆ ಕೆಲಸ ಅತ್ತೆ ರಾಜಲಕ್ಷ್ಮಮ್ಮನಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಆಲೂರಿನ ಬೀದಿಗೆಲ್ಲ ಕೇಳುವಂತೆ ಹೇಳಿಕೊಂಡಿದ್ದರು.

“ಈಗ ಸಮಾಧಾನ ಆಯ್ತಾ, ಅತ್ತೆ?”

“ನಾನ್ಯಾಕೆ ಮುಟ್ಲಿ ಮಾರಾಯ್ತಿ? ಆ ಪೆಟ್ಟಿಗೆ ಎಲ್ಲಿ ಒತ್ತಿದ್ರೆ ಹತ್ಕೊತೈತೆ ಅನ್ನೋದೇ ನಂಗೊತ್ತಿಲ್ಲ. ನೀನು ಮೈಸೂರಿಗೆ ಹೋಗೋದು ಬ್ಯಾಡ ಅಂದಿದ್ದೆ, ದಿಟ. ಬಾಯಲ್ಲಿ ಅಂದಿದ್ದೆ ಕಣೆ, ಕೈಯಲ್ಲಿ ಏನೂ ಮಾಡ್ಲಿಲ್ಲ.”

ಹೇಮಶ್ರೀ ಅಂದಿನಿಂದ ಅತ್ತೆಯೊಡನೆ ಮಾತು ಬಿಟ್ಟಳು.

ಆಸರೆಯಾದವನು ಗಂಡ ದಯಾನಂದನೊಬ್ಬನೇ. ಸಕಲೇಶಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ವಸೀಂಗೆ ಆ ದಿನವೇ ಫೋನ್ ಮಾಡಿದ. “ಶುಕ್ರವಾರ ಬರ್ತಾನಂತೆ. ಅಳಿಸಿದ್ದನ್ನ ವಾಪಸ್ ತೆಗೆಯೋ ಸಾಫ್ಟ್‌ವೇರ್ ಅವನ ಹತ್ರ ಐತಂತೆ. ಅಳ್ಬೇಡ ಕಣೆ,” ಎಂದ. ಅಲ್ಲಿಯವರೆಗೆ ಹೆಂಡತಿಯ ಮನಸ್ಸು ಹಗುರಾಗಲೆಂದು ದಿನವೂ ಸಂಜೆ ಸಿನಿಮಾ, ಹಾಡುಗಳ ಸಿ.ಡಿ. ತಂದು ಕಂಪ್ಯೂಟರಿಗೆ ತುಂಬಿಸಿದ; ಪಕ್ಕದಲ್ಲಿ ಕುಳಿತು ತಾನೂ ಗುನುಗಿದ. ಇಂಥ ಗಂಡನಿಗೆ ಅಂಥ ತಾಯಿಯೇ ಎಂದು ಅವಳಿಗೆ ಅಚ್ಚರಿ.

ಶುಕ್ರವಾರ ದಯಾನಂದ ಹಾಸನಕ್ಕೆ ಹೋಗಿದ್ದಾಗ ವಸೀಂ ಬಂದ. ರೀಸೈಕಲ್ ಬಿನ್ ತೆರೆದ, ಬರಿದು. ತಾನು ತಂದ ಸಾಫ್ಟ್‌ವೇರ್ ಹಾಕಿದ. ಪರದೆಯ ಮೇಲೆ ಸಾಲುಗಳು ಸರಸರನೆ ಸರಿದವು. ಅವನ ಮುಖ ಸಪ್ಪಗಾಯಿತು.

“ಬೆಂಗಳೂರಿನ ಲ್ಯಾಬಿಗೆ ಕಳಿಸಿದ್ರೆ?” ಹೇಮಶ್ರೀ ಕೇಳಿದಳು.

“ಅವರ ಕೈಲೂ ಆಗಲ್ಲ ಮೇಡಂ. ಅಳಿಸಿದ್ದು ಎಲ್ಲೂ ಹೋಗಲ್ಲ, ಒಳಗೇ ಇರ್ತೈತೆ. ಆದ್ರೆ ಆ ಜಾಗದಲ್ಲಿ ಬೇರೇನಾದ್ರೂ ಬಂದು ಕೂತ್ಬುಟ್ರೆ ಮುಗೀತು. ಇಲ್ಲಿ ಡಿಸ್ಕಿನ ತುಂಬಾ ಬರೀ ಸಿನಿಮಾ, ಹಾಡು.”

ಹೇಮಶ್ರೀ ಅತ್ತೆಯಿದ್ದ ಅಡುಗೆಮನೆಯತ್ತ ಉರಿಗಣ್ಣು ಬೀರಿ, ವಸೀಂನ ಕಡೆ ತಿರುಗಿದಳು.

“ನಮ್ಮವರನ್ನ ಏನೂ ಅನ್ಬೇಡಿ, ಪಾಪ. ಗೊತ್ತಿಲ್ದೆ, ನನ್ನ ಸಮಾಧಾನಕ್ಕೆ ಅಂತ ಹಾಕಿದ್ರು.”

ವಸೀಂ ತಲೆಯೆತ್ತಿದ.

“ಗೊತ್ತಿಲ್ದೆ ಹೆಂಗೆ ಮೇಡಂ? ಹೊಸದೇನೂ ತುಂಬಿಸ್ಬೇಡಿ ಅಂತ ಅವತ್ತು ಫೋನಲ್ಲೇ ಹೇಳಿದ್ದೆ. ದಯಣ್ಣ ಎರಡೆರಡು ಸಲ ಕೇಳಿದ್ರು, ‘ತುಂಬಿಸಿದ್ರೆ ಆಮೇಲೆ ಯಾರ ಕೈಲೂ ತೆಗೆಯೋಕಾಗಲ್ಲ ತಾನೆ?’ ಅಂತ.”