ಮಾಸ್ಕ್ ಹಿಡಿಯುವ ಕೈ

“ನಂಗೆ ಆ ನೆಬುಲೈಜರ್ ಮಿಷನ್ನೇ ಹಾಕಿ,” ಹೆಂಡತಿ ಏದುಸಿರಿನಲ್ಲೇ ಹಟ ಹಿಡಿದಳು.

ಲಾರಿ ಡ್ರೈವರ್ ಗಂಡನಿಗೆ ರೇಗಿತು. “ಇನ್ಹೇಲರಿಗೆ ಈ ಕೊಳವೆ ಸಿಕ್ಕಿಸಿ ಎಳೆದ್ರೂ ಅಷ್ಟೇ ಗುಣ ಅಂತ ಡಾಕ್ಟರಮ್ಮ ಬಡ್ಕೊಂಡ್ರಲ್ಲೇ! ಚಿಟಿಕೆ ಹೊಡೆಯೋದ್ರಲ್ಲಿ ಮುಗಿಯುತ್ತೆ.”

“ಅದಕ್ಕೇ ಬೇಡ. ಆ ಮಿಷನ್ ಆದ್ರೆ ಮುಗಿಯೋ ತನಕ ಮಾಸ್ಕ್ ಹಿಡ್ಕೊಂಡು ಪಕ್ಕದಲ್ಲೇ ಕೂತಿರ್ತೀರಿ.”

ಅವನು ಬಾಗಿಲ ಕಡೆ ನೋಡಿದ. ಹೊರಗೆ ಲೋಡು ತುಂಬಿದ ಲಾರಿ ನಿಂತಿತ್ತು. ಹೊರಟರೆ ಮತ್ತೆ ಮನೆ ಕಾಣುವುದು ವಾರ ಕಳೆದ ಮೇಲೆಯೇ. ಕೊಳವೆಯನ್ನು ಅವಳ ಬಾಯಿಗಿಟ್ಟು ಇನ್ಹೇಲರ್ ಒತ್ತಿದ. ಅವಳು ಎಳೆದುಕೊಂಡಳು. ಇನ್ನೊಮ್ಮೆ ಒತ್ತಿದ. ಎದೆಯೊಳಗಿನ ಸಿಳ್ಳೆ ಮೆಲ್ಲಗೆ ಇಳಿಯಿತು. ಔಷಧಿ ಮುಗಿದರೂ ಅವಳು ಕೊಳವೆ ಬಿಡಲಿಲ್ಲ. ಅವನ ಮಣಿಕಟ್ಟು ಹಿಡಿದುಕೊಂಡು ಬರೀ ಗಾಳಿಯನ್ನೇ ಎಳೆಯುತ್ತಿದ್ದಳು.

“ಇನ್ನೂ ಸ್ವಲ್ಪ ಇದೆ, ನಿಧಾನಕ್ಕೆ ಎಳ್ಕೋ,” ಎಂದು ಅವನು ಮಂಚದ ಮೇಲೆ ಕುಳಿತ.